ಮಾವನ ಬೆನ್ನಿಗೆ ನನ್ನ ಕಾಲು

ನಾನು ಕಾಲು ಮುಂದಾಗಿ ಹುಟ್ಟಿದವನು. ತಲೆ ಕೊನೆಗೆ ಬಂತಂತೆ. ಅದರಲ್ಲಿ ಅಂಥದ್ದೇನೂ ಇರಲಿಲ್ಲವೆಂದು ಅಮ್ಮ ಈಗಲೂ ಹೇಳುತ್ತಾಳೆ. ಆದರೆ ನಮ್ಮ ಕಡೆ ಇಂಥವರ ಕಾಲಿಗೆ ಬೆಲೆಯಿದೆ. ಸೊಂಟ ಉಳುಕಿದವರು ಬೆಳಿಗ್ಗೆ ಖಾಲಿ ಹೊಟ್ಟೆಯಲ್ಲಿ ಬಂದು ಕವುಚಿ ಮಲಗುತ್ತಾರೆ, ನಾನು ಎಡಗಾಲಿನಿಂದ ಮೂರು ಸಲ ಬೆನ್ನು ಸವರುತ್ತೇನೆ. ಹೀಗೆ ಮೂರು ದಿನ. ನಮ್ಮೂರು ಕೊಕ್ಕರ್ಣೆಯಲ್ಲಿ ನನ್ನ ಡಿಗ್ರಿಗಿಂತ ಈ ಕಾಲಿಗೇ ಮರ್ಯಾದೆ ಹೆಚ್ಚು.

ಮದುವೆಯಾಗದ ನನ್ನ ಮಾವ, ಅಮ್ಮನ ತಮ್ಮ, ಮರವಂತೆಯಲ್ಲಿ ಹೆದ್ದಾರಿ ಬದಿ ಹೋಟೆಲ್ ಇಟ್ಟಿದ್ದರು. ಎರಡು ವರ್ಷದ ಹಿಂದೆ ಕುತ್ತಿಗೆಯಲ್ಲಿ ಗಂಟಾಗಿತ್ತು. ಲಿಂಫೋಮಾ, ಅದೂ ಒಂದು ಕ್ಯಾನ್ಸರೇ. ಕಿಮೋ ಮುಗಿದು ಗಂಟು ಕರಗಿತು, ಕೂದಲೂ ವಾಪಸ್ ಬಂತು.

ಕಳೆದ ಮಳೆಗಾಲದ ಕೊನೆಗೆ ಸೊಂಟದಿಂದ ಪಾದದವರೆಗೆ ಉರಿ ಶುರುವಾಯಿತು. ಎಡಪಾದ ಮೇಲೇಳದು. ಚಪ್ಪಲಿ ಜಾರಿ ಹಿಂದೆ ಉಳಿದರೂ ತಿಳಿಯದೆ ಮುಂದೆ ಹೋಗುವರು. ನಮ್ಮ ಮನೆಗೆ ಬಂದಾಗ ಆ ನಡಿಗೆಯನ್ನು ನಾನು ಜಗಲಿಯಲ್ಲಿ ಮಾಡಿ ತೋರಿಸಿದೆ: ಪಾದವನ್ನು ಪಟ್ಟೆಂದು ಬಡಿದು, ಚಪ್ಪಲಿ ಬಿಟ್ಟು, ಬರಿಗಾಲಲ್ಲೇ ಗಿರಾಕಿಯ ಮುಂದೆ ನಿಂತು "ಎಂತ ಕೊಡುದ್?" ಎನ್ನುವುದು. ಎಲ್ಲರಿಗಿಂತ ಹೆಚ್ಚು ನಕ್ಕವರು ಮಾವನೇ.

"ಹ್ವಾಯ್, ಚಂದ ಮಾಡ್ತೆ ಮಾರಾಯಾ. ಸೊಂಟ ಉಳ್ಕಿತ್, ಅಷ್ಟೇ. ನಿನ್ ಕಾಲ್ ಮುಟ್ಸ್ ಕಾಂಬ."

"ಡಾಕ್ಟ್ರಿಗೆ ತೋರ್ಸಿ ಬಪ್ಪ" ಎಂದಳು ಅಮ್ಮ.

"ಅಲ್ಲಿಗ್ ಹೋರೆ ಮತ್ತೆ ಸೂಜಿ, ಅಕ್ಕಾ. ಮನೆಯೊಳ್ಗೇ ಡಾಕ್ಟ್ರ್ ಇದ್ದ ಅಲ್ದಾ?"

"ಫೀಸ್ ಒಂದ್ ಪ್ಲೇಟ್ ಬನ್ಸ್" ಎಂದೆ ನಾನು.

ಮೂರು ದಿನ ಸವರಿದೆ. ಕಡಿಮೆಯಾಯಿತು ಎಂದರು, ನನ್ನ ಮರ್ಯಾದೆ ಉಳಿಸಲು ಹೇಳಿದ್ದಿರಬೇಕು. ಮತ್ತೆ ಮೂರು ದಿನ. ಹೀಗೇ ಐದು ವಾರ ಹೋಯಿತು. ಊರಿನವರೆಲ್ಲರ ದನಿಯನ್ನು ಅಣಕಿಸಿ ತೆಗೆಯುವ ನನ್ನ ಬಾಯಿಗೆ "ಬೇಡ" ಎನ್ನಲು ಮಾತ್ರ ಬರಲಿಲ್ಲ.

ಒಂದು ಬೆಳಿಗ್ಗೆ ಅವರ ಕೈಯಿಂದ ಚಾದ ಲೋಟವೂ ಜಾರಿತು. ಆಗ ದೊಡ್ಡ ಆಸ್ಪತ್ರೆಗೆ ಒಯ್ದೆವು. ಹಳೆಯ ಕಾಯಿಲೆಯೇ ಕೈಕಾಲಿನ ನರಗಳೊಳಗೆ ಹಬ್ಬಿದೆ, ಅಪರೂಪಕ್ಕೆ ಹೀಗಾಗುತ್ತದೆ ಎಂದರು ಡಾಕ್ಟರು. "ಇಷ್ಟು ದಿನ ಏನು ಮಾಡಿದ್ರಿ?" ಅಮ್ಮ ನನ್ನ ಪಾದ ನೋಡಿದಳು. ಮೊದಲೇ ಬಂದಿದ್ದರೆ ನಡೆಯುತ್ತಿದ್ದರೇ ಎಂದು ಕೇಳಿದೆ. ಹೇಳಲಾಗದು ಎಂದರು. ಆ ಡಾಕ್ಟರ ದನಿಯನ್ನು ನಾನು ಇದುವರೆಗೆ ತೆಗೆದಿಲ್ಲ.

ಈಗ ಹೋಟೆಲಿಗೆ ಬೀಗ. ಮಾವ ನಮ್ಮಲ್ಲೇ ಮಲಗಿದ್ದಾರೆ. ಔಷಧಿ ನಡೆದಿದೆ, ಎರಡೂ ಕಾಲು ಹೋಗಿವೆ. ಮೊನ್ನೆ ಗೋಡೆ ಕಡೆಗೆ ಹೊರಳಿಸಿ ಬೆನ್ನು ಒರೆಸುತ್ತಿದ್ದಾಗ ಕೇಳಿದರು:

"ಒಂದ್ ಸಲ ಕಾಲ್ ಮುಟ್ಸ್ ಮಗಾ. ಬೆನ್ನಿಗ್ ಬ್ಯಾಡ, ತೊಡಿಗ್ ಮುಟ್ಸ್."

"ಅದ್ರೊಳ್ಗೆ ಎಂತದೂ ಇಲ್ಲ, ಮಾವ."

"ಗೊತ್ತಿತ್. ಮುಟ್ಸ್."

ಮಂಚದ ಅಂಚು ಹಿಡಿದು ಎಡಪಾದವನ್ನು ಅವರ ತೊಡೆಯ ಮೇಲೆ ಮೆಲ್ಲಗೆ ಎಳೆದೆ. ಒಂದು. ಎರಡು. ಮೂರು. ಅಂಗಾಲಿಗೆ ಮೂಳೆಯೇ ತಗುಲಿತು.

ಮಾವ ಗೋಡೆ ನೋಡುತ್ತ ಕಾಯುತ್ತಿದ್ದರು.

"ಎಂತಕ್ಕೆ ತಡ ಮಾಡ್ತೆ? ಇಡ್ ಮಾರಾಯಾ."

ನನ್ನ ಪಾದ ಇನ್ನೂ ಅವರ ತೊಡೆಯ ಮೇಲೇ ಇತ್ತು.