ಮೂಲೆರಾಯನಿಗೆ ಕಾಣದ ಮಂಜು

ಫೋಟೊಗಳಿಗೆ ಕಟ್ಟು ಹಾಕುವ ಅಂಗಡಿಯವನಿಗೆ ಬೀದಿಯವರು ಮೂಲೆರಾಯ ಎಂದು ಹೆಸರಿಟ್ಟಿದ್ದರು. ಮೂವತ್ತು ವರ್ಷದಲ್ಲಿ ಅವನು ಕೂಡಿಸಿದ ಯಾವ ಚೌಕಟ್ಟಿನ ಮೂಲೆಯಲ್ಲೂ ಕೂದಲು ತೂರುವಷ್ಟು ಸಂದು ಇರುತ್ತಿರಲಿಲ್ಲ. ಅದರ ಜಂಬವೂ ಅವನಿಗೆ ಕಡಿಮೆಯಿರಲಿಲ್ಲ. ಬೇರೆ ಅಂಗಡಿಯ ಕಟ್ಟು ಕಂಡರೆ ಮೂಗು ಮುರಿಯುತ್ತಿದ್ದ.

ಈಚೆಗೆ ಮಾತ್ರ ಒರೆಸಿದ ಗಾಜನ್ನೇ ಒರೆಸುತ್ತಿದ್ದ. ಹೆಂಡತಿ ಕೇಳಿದರೆ, "ಈಗಿನ ಗಾಜೇ ಕಳಪೆ ಕಣೇ!" ಎಂದು ಸಿಡುಕುತ್ತಿದ್ದ. ಕಣ್ಣು ಹೋದರೆ ಕಸುಬೂ ಹೋದಂತೆಯೇ. ಅದನ್ನು ಬಾಯಿಬಿಟ್ಟು ಹೇಳಲು ಅವನಿಗೆ ಭಯ.

ಒಂದು ದಿನ ಚಿತ್ರ ಬರೆಯುವ ಹೆಂಗಸೊಬ್ಬರು ತಮ್ಮ ಹೊಸ ಚಿತ್ರಗಳನ್ನು ತಂದರು. ಎಲ್ಲವೂ ಊರಿನ ಬೀದಿಗಳೇ. ಒಂದರಲ್ಲಿ ಒದ್ದೆ ರಸ್ತೆ, ದೀಪದ ಕಂಬಗಳು, ದೂರದಿಂದ ಬರುತ್ತಿರುವ ಬಸ್ಸು. ಮೂಲೆರಾಯ ಅದನ್ನು ಎತ್ತಿ ಹಿಡಿದು ಖುಷಿಯಾಗಿಬಿಟ್ಟ.

"ಬೇರೆಯವರು ತಂತಿ ಬಗ್ಗಿಸಿದ ಹಾಗೆ ಗೆರೆ ಎಳೀತಾರೆ ಮೇಡಂ. ನೀವು ನೋಡಿ, ಬೀದೀನ ಇದ್ದದ್ದು ಇದ್ದ ಹಾಗೇ ಬರ್ದಿದೀರಿ!"

"ಮಂಜು ಜಾಸ್ತಿ ಆಯ್ತೇನೋ ಅಂದ್ಕೊಂಡಿದ್ದೆ," ಎಂದರು ಆಕೆ.

"ಮಂಜಾ? ಎಲ್ಲಿದೆ?"

ಪಕ್ಕದಲ್ಲಿ ರಟ್ಟು ಕತ್ತರಿಸುತ್ತಿದ್ದ ಹೆಂಡತಿ ಎದ್ದು ಬಂದು ನೋಡಿದಳು. ಚಿತ್ರದಲ್ಲಿ ಹತ್ತು ಹೆಜ್ಜೆಯಾಚೆಗೆ ಮನೆಗಳೇ ಕರಗಿಹೋಗಿದ್ದವು.

"ರೀ, ನಿಮಗೆ ಬೀದಿ ಹೀಗಾ ಕಾಣೋದು?"

ಈಗಲೇ ಕಣ್ಣು ತೋರಿಸಿ ಎಂದು ಅವಳು ಗಂಟುಬಿದ್ದಳು. ಅವನು ಈ ಚಿತ್ರಗಳಿಗೆ ಕಟ್ಟು ಹಾಕದೆ ಕದಲುವುದಿಲ್ಲ ಎಂದು ಹಟ ಹಿಡಿದು, ಮುಗಿಸಿದ ಮೇಲೆಯೇ ಕಣ್ಣಾಸ್ಪತ್ರೆಗೆ ಹೊರಟ. ಎರಡೂ ಕಣ್ಣಿಗೆ ಪೊರೆ ಬಂದಿತ್ತು. ಮೊದಲು ಬಲಗಣ್ಣಿನದನ್ನು ತೆಗೆದರು.

ಮೂರು ವಾರದ ಮೇಲೆ ಅಂಗಡಿಗೆ ಬಂದವನು ಆ ಬಸ್ಸಿನ ಚಿತ್ರದ ಮುಂದೆ ನಿಂತ. ಅಬ್ಬಾ, ಎಷ್ಟು ಮಂಜು! ಬಸ್ಸೇ ಇರಲಿಲ್ಲ. ಎರಡು ಹಳದಿ ಚುಕ್ಕೆ, ಬೂದುಬಣ್ಣದಲ್ಲಿ ಕುಂಚದ ಒಂದು ಬೀಸು, ಅಷ್ಟೇ. ಬಲಗಣ್ಣು ಮುಚ್ಚಿ ಎಡಗಣ್ಣಲ್ಲಿ ನೋಡಿದರೆ ಬಸ್ಸು ಬರುತ್ತಿತ್ತು. ಮತ್ತೆ ಮತ್ತೆ ಹಾಗೇ ನೋಡಿದ.

"ಆ ಕಣ್ಣನ್ನ ಹಾಗೇ ಬಿಟ್ಕೊಳ್ಳಿ, ಚಿತ್ರ ನೋಡೋಕೆ," ಎಂದು ಹೆಂಡತಿ ಕಿಚಾಯಿಸಿದಳು.

ಸಂಜೆ ಚಿತ್ರಗಳನ್ನು ಒಯ್ಯಲು ಅವನ್ನು ಬರೆದಾಕೆ ಬಂದರು. "ಈಗ ಹೇಗೆ ಕಾಣುತ್ತೆ ಯಜಮಾನರೇ?"

"ಅವತ್ತು ನಾನು ಹೊಗಳಿದ್ದು ಬೀದೀನ ಮೇಡಂ. ನಿಮ್ಮ ಕೈಕೆಲಸ ಕಂಡಿದ್ದು ಇವತ್ತೇ."

ಆಕೆ ನಗುತ್ತ ಚಿತ್ರಕ್ಕೆ ಕೈ ಚಾಚಿದರು. ಮೂಲೆರಾಯ ಕೊಡಲಿಲ್ಲ. ಅವನ ಬಲಗಣ್ಣು ಚೌಕಟ್ಟಿನ ಕೆಳಗಿನ ಮೂಲೆಯಲ್ಲಿ ನೆಟ್ಟಿತ್ತು. ಬೆಂಕಿಕಡ್ಡಿ ತೂರುವಷ್ಟು ಸಂದು.

"ಇದೊಂದನ್ನ ನಾಳೆ ಕೊಡ್ತೀನಿ," ಎಂದು ತಲೆ ಎತ್ತದೆ ಹೇಳಿ, ಚಿತ್ರವನ್ನು ಬೋರಲು ಹಾಕಿ ಮೊಳೆ ಕೀಳತೊಡಗಿದ.