ಪಾಪದವನಿಗೆ ಬಣ್ಣ ಬಂದ ಬೆಳಿಗ್ಗೆ

ಅವನ ಮೈಗೆ ಬಣ್ಣ ಬಂದರೆ ನಾನು ಗೆದ್ದೆ, ಅವನು ಸತ್ತ. ಬಾರದಿದ್ದರೆ ಅವನು ಬದುಕಿದ, ನನ್ನ ಪಿಎಚ್.ಡಿ. ನೀರಿನಲ್ಲಿ ಮಾಡಿದ ಹೋಮ. ಬೆರಳುದ್ದದ ಒಂದು ಮೀನಿನ ವಿಷಯದಲ್ಲಿ ಹೀಗೆ ನಿದ್ದೆಗೆಡುತ್ತೇನೆಂದು ನಾನೇ ಎಣಿಸಿರಲಿಲ್ಲ. ಮಧ್ಯಾಹ್ನದ ಊಟಕ್ಕೆ ಮೀನಿಲ್ಲದಿದ್ದರೆ ತಟ್ಟೆಯ ಮುಂದೆ ಮುಖ ಸಿಂಡರಿಸುವ ಮನೆಯಲ್ಲಿ ಬೆಳೆದವಳು ನಾನು.

ನಮ್ಮ ಲ್ಯಾಬಿನ ಗಾಜಿನ ತೊಟ್ಟಿಯಲ್ಲಿದ್ದದ್ದು ಆಫ್ರಿಕಾ ಮೂಲದ ಸಿಕ್ಲಿಡ್ ಮೀನುಗಳು. ಅವುಗಳಲ್ಲಿ ಗೆದ್ದ ಗಂಡಿನ ವೇಷವೇ ಬೇರೆ. ಮೈತುಂಬ ಹೊಳೆಯುವ ಹಳದಿ, ಕಣ್ಣನ್ನು ಸೀಳಿಕೊಂಡು ಹೋಗುವ ಕಪ್ಪು ಪಟ್ಟಿ. ಸೋತವನದ್ದು ಕೆಸರಿನ ಬಣ್ಣ. ತೊಟ್ಟಿಯನ್ನು ಆಳುತ್ತಿದ್ದವನಿಗೆ ನಾನು ಗುರಿಕಾರ ಎಂದು ಹೆಸರಿಟ್ಟಿದ್ದೆ. ನಮ್ಮ ಕಡೆ ಊರಿನ ಯಜಮಾನನಿಗೆ ಹಾಗೆನ್ನುವುದು. ಅವನಿಂದ ದಿನಾ ಪೆಟ್ಟು ತಿನ್ನುತ್ತಿದ್ದವನು ಪಾಪದವ, ನಮ್ಮ ಮಾತಿನಲ್ಲಿ ಬಡಪಾಯಿ. ಒಮ್ಮೆ ತಿರುಗಿ ಬಿದ್ದಿದ್ದ. ಗುರಿಕಾರ ಬಾಯಿಗೆ ಬಾಯಿ ಹಾಕಿ ಅಲ್ಲಾಡಿಸಿಬಿಟ್ಟ. ಬಡವನ ಕೋಪ ದವಡೆಗೆ ಮೂಲ ಎಂಬ ಗಾದೆಯನ್ನು ಅಷ್ಟು ಅಕ್ಷರಶಃ ನಾನು ಎಲ್ಲಿಯೂ ಕಂಡಿಲ್ಲ.

ಕದ್ರಿಯ ನಮ್ಮ ಫ್ಲ್ಯಾಟಿನಲ್ಲಿ ಅಮ್ಮ ಬಂಗುಡೆ ಮೀನು ಕೊಯ್ಯುತ್ತಾ ನಗುತ್ತಿದ್ದರು. "ಎಂತ ಮಾರಾಯ್ತಿ, ಜಗಳ ನೋಡ್ಲಿಕ್ಕೆ ನಿನಗೆ ಮೀನೇ ಬೇಕಾ? ನಮ್ಮ ಅಸೋಸಿಯೇಷನ್ ಮೀಟಿಂಗಿಗೆ ಬಾ, ಬೇಕಾದಷ್ಟು ಉಂಟು."

"ಜಗಳ ಅಲ್ಲಮ್ಮ, ಜಗಳ ಆದ ಮೇಲೆ ತಲೆಯೊಳಗೆ ಎಂತ ಆಗ್ತದೆ ಅಂತ" ಎಂದು ವಿವರಿಸಲು ಕೂತೆ. ದಿನವೂ ಸೋತರೆ ರಕ್ತದಲ್ಲಿ ಒತ್ತಡದ ಹಾರ್ಮೋನು ಇಳಿಯುವುದೇ ಇಲ್ಲ. ಮಿದುಳಿನ ರಾಸಾಯನಿಕಗಳ ಪ್ರಮಾಣ ಬದಲಾಗುತ್ತದೆ, ಕೆಲವು ಜೀನುಗಳು ಕೆಲಸ ನಿಲ್ಲಿಸುತ್ತವೆ.

"ಪೆಟ್ಟು ತಿಂದರೆ ಜೀನೇ ಬೇರೆ ಆಗ್ತದಾ?"

"ಇಲ್ಲ. ನಿಮ್ಮ ಅಡುಗೆಮನೆಯಲ್ಲಿ ಪಾತ್ರೆಗಳು ಯಾವಾಗಲೂ ಅವೇ. ಇವತ್ತು ಯಾವುದು ಒಲೆ ಮೇಲೆ ಉಂಟು ಅಂತ ಮಾತ್ರ ವ್ಯತ್ಯಾಸ."

ಅಮ್ಮನಿಗೆ ತಟ್ಟನೆ ಅರ್ಥವಾಯಿತು. ನನ್ನ ಪ್ರಶ್ನೆ ಅಷ್ಟೇ ಆಗಿತ್ತು: ವಾರಗಟ್ಟಲೆ ಸೋತ ಮಿದುಳು, ಅವಕಾಶ ಸಿಕ್ಕಿದರೆ, ಆರಿದ ಒಲೆಯನ್ನು ಮತ್ತೆ ಹೊತ್ತಿಸುತ್ತದೆಯೆ? ಅದನ್ನು ತಿಳಿಯಲು ಬಣ್ಣ ಬಂದು ಅರ್ಧ ಗಂಟೆಯಲ್ಲಿ ಆ ಮಿದುಳನ್ನು ಹೊರಗೆ ತೆಗೆಯಬೇಕು. ಬೇರೆ ದಾರಿ ಇರಲಿಲ್ಲ.

ಆ ದಿನ ಬೆಳಗಾಗುವ ಮೊದಲೇ ಲ್ಯಾಬಿಗೆ ಹೋಗಿ, ದೀಪ ಹಾಕದೆ, ಕೆಂಪು ಟಾರ್ಚಿನ ಬೆಳಕಿನಲ್ಲಿ ಗುರಿಕಾರನನ್ನು ಎತ್ತಿ ಬೇರೆ ತೊಟ್ಟಿಗೆ ಹಾಕಿದೆ. ಅಷ್ಟು ಹೊತ್ತಿಗೆ ನನ್ನ ಗೈಡ್ ಮೇಡಂ ಜೆಪ್ಪುವಿನಿಂದ ಸ್ಕೂಟರಿನಲ್ಲಿ ಬಂದು ಮುಟ್ಟಿದರು. ಅವರ ಮನೆಮಾತು ಕೊಂಕಣಿ, ನನ್ನದು ತುಳು. ನಮ್ಮ ಜಗಳವೂ ಪ್ರೀತಿಯೂ ಕನ್ನಡದಲ್ಲಿ. ಅವರೇ ದೀಪದ ಸ್ವಿಚ್ ಒತ್ತಿದರು.

ಪಾಪದವ ಮೂಲೆಯಲ್ಲೇ ಇದ್ದ. ಪೆಟ್ಟು ಎಲ್ಲಿಂದ ಬರುತ್ತದೋ ಎಂದು ಕಾಯುವವನ ಹಾಗೆ ರೆಕ್ಕೆ ಮಡಚಿ ನಿಂತಿದ್ದ. ಬರಲಿಲ್ಲ. ಒಂದು ಸುತ್ತು ಹೊರಗೆ ಬಂದ, ಮತ್ತೆ ಓಡಿಹೋದ. ಇನ್ನೊಂದು ಸುತ್ತು. ಗುರಿಕಾರ ತನ್ನದೆಂದು ಕಾಯುತ್ತಿದ್ದ ಮಡಕೆಚೂರಿನ ಹತ್ತಿರ ಹೋಗಿ ನಿಂತ.

"ಮೇಡಂ, ಕಣ್ಣು! ಕಣ್ಣು ನೋಡಿ!" ಎಂದು ನಾನು ಕಿರುಚಿದೆ.

ಕಣ್ಣಿನ ಮೇಲೆ ಕಪ್ಪು ಪಟ್ಟಿ ಮೂಡುತ್ತಿತ್ತು. ನಾವು ನೋಡುತ್ತಿದ್ದಂತೆಯೇ! ಆಮೇಲೆ ಹೊಟ್ಟೆಯ ಬದಿಯಿಂದ ಹಳದಿ ಏರಿತು. ರೆಕ್ಕೆ ಬಿಚ್ಚಿದ. ನಿನ್ನೆಯವರೆಗೆ ತನ್ನ ಜೊತೆಯಲ್ಲೇ ಅಡಗಿದ್ದ ಇನ್ನೊಬ್ಬನನ್ನು ತೊಟ್ಟಿಯ ಆ ತುದಿಗೆ ಓಡಿಸಿದ, ಹೆಣ್ಣುಗಳ ಮುಂದೆ ಮೈ ನಡುಗಿಸಿ ಕುಣಿದ. ಮೇಡಂ ನನ್ನ ತೋಳು ಹಿಡಿದು, "ಹಾಳೂರಿಗೆ ಉಳಿದವನೇ ಗೌಡ ಅಂದರೆ ಇದೇ ಮಾರಾಯ್ತಿ!" ಎಂದು ಚಿಕ್ಕ ಹುಡುಗಿಯಂತೆ ನಕ್ಕರು. ನನ್ನ ಕಣ್ಣಲ್ಲಿ ನೀರು. ಅಷ್ಟು ಸಂತೋಷ ನನಗೆ ನನ್ನ ಸ್ವಂತ ರ‍್ಯಾಂಕ್ ಬಂದಾಗಲೂ ಆಗಿರಲಿಲ್ಲ.

ಗಡಿಯಾರ ಮಾತ್ರ ನಿಲ್ಲಲಿಲ್ಲ.

"ಮೇಡಂ, ಇವನನ್ನು ಬಿಡುವಾ?" ಎಂದೆ.

ಅವರು ಬಯ್ಯಲಿಲ್ಲ. "ಬಿಡ್ತೇನೆ ಅಂದರೆ ಬಿಡು, ನಾನು ಬೇಡ ಹೇಳುವುದಿಲ್ಲ. ಆದರೆ ಇವನ ತಲೆಯಲ್ಲಿ ಈಗ ಎಂತ ಆಯ್ತು ಅಂತ ಮತ್ತೆ ಯಾರಿಗೂ ಗೊತ್ತಾಗ್ಲಿಕ್ಕಿಲ್ಲ."

ನನಗೆ ಗೊತ್ತಾಗಲೇಬೇಕಿತ್ತು. ಆ ಆಸೆ ಮರುಕಕ್ಕಿಂತ ದೊಡ್ಡದಾಗಿತ್ತು, ಸುಳ್ಳು ಯಾಕೆ ಹೇಳಲಿ. ಕೆಲವು ವಾರಗಳ ನಂತರ ಫಲಿತಾಂಶ ಬಂತು: ಸುಮ್ಮನಿದ್ದ ಜೀನುಗಳು ಆ ಅರ್ಧ ಗಂಟೆಯಲ್ಲಿ ಎದ್ದು ಕೂತಿದ್ದವು, ಅಷ್ಟು ಸೋಲಿನ ನಂತರವೂ. ನಾನು ಕಾರಿಡಾರಿನಲ್ಲಿ ಕುಣಿದೆ. ಕೇಳಿದವರಿಗೆಲ್ಲ ಅದನ್ನು ಹೇಳಿದ್ದೇನೆ. ಆದರೆ ಆ ಬೆಳಿಗ್ಗೆ ಬಲೆ ಇಳಿಸಿದಾಗ ಆದದ್ದನ್ನು ಅಮ್ಮನಿಗೂ ಹೇಳಿಲ್ಲ.

ಬಲೆ ನೀರಿಗಿಳಿದರೆ ಸೋತ ಮೀನುಗಳು ಚೆಲ್ಲಾಪಿಲ್ಲಿಯಾಗಿ ಓಡುತ್ತವೆ, ಒಂದನ್ನು ಹಿಡಿಯುವಾಗ ಕೈ ಸೋಲುತ್ತದೆ. ಅಂದೂ ಉಳಿದವೆಲ್ಲ ಓಡಿದವು. ಪಾಪದವ ಓಡಲಿಲ್ಲ. ಆ ತೊಟ್ಟಿ ಈಗ ಅವನದು. ರೆಕ್ಕೆ ಅರಳಿಸಿ, ಬಾಯಿ ತೆರೆದು, ಬಲೆಯ ಮೇಲೆಯೇ ಏರಿ ಬಂದ. ಹಿಡಿಯಲು ನನಗೆ ಸ್ವಲ್ಪವೂ ಕಷ್ಟವಾಗಲಿಲ್ಲ.