ರೇಡಿಯೊ ಬಾಯಿ ಮುಚ್ಚಿದ ವಾರ

ನಮ್ಮ ಬೀದಿಯ ಕ್ಷೌರಿಕನಿಗೆ ಜನ ಇಟ್ಟ ಹೆಸರು ರೇಡಿಯೊ. ಕುರ್ಚಿಯಲ್ಲಿ ಕೂತವನ ಕೊರಳಿಗೆ ಬಿಳಿ ಬಟ್ಟೆ ಸುತ್ತುವಷ್ಟರಲ್ಲಿ ಎರಡು ಸುದ್ದಿ ಹೇಳಿ ಒಂದನ್ನು ಕಿತ್ತುಕೊಂಡಿರುತ್ತಿದ್ದ. ಯಾವ ಗುಮಾಸ್ತನಿಗೆ ಬಡ್ತಿ ತಪ್ಪಿತು, ಯಾರ ಅಳಿಯ ಗೊರಕೆ ಹೊಡೆಯುತ್ತಾನೆ, ಎಲ್ಲ ಅವನ ನಾಲಿಗೆಯ ತುದಿಯಲ್ಲಿತ್ತು. ಕೆನ್ನೆಯ ಮೇಲೆ ಕತ್ತಿ ಇರುವಾಗ ಯಾರೂ ಎದುರಾಡುವುದಿಲ್ಲ. ಹಾಗಾಗಿ ತನ್ನ ಮಾತೆಂದರೆ ಎಲ್ಲರಿಗೂ ಪ್ರಾಣ ಎಂದು ನಂಬಿದ್ದ.

ಇಂಥವನಿಗೆ, ಒಂಬತ್ತನೇ ತರಗತಿಯಲ್ಲಿ ಓದುವ ಒಬ್ಬಳೇ ಮಗಳ ಬಾಯಿಂದ ಮಾತ್ರ ಏನೂ ಹೊರಡುತ್ತಿರಲಿಲ್ಲ.

"ಇವತ್ತು ಸ್ಕೂಲಲ್ಲಿ ಏನಾಯ್ತಮ್ಮ?"

"ಏನಿಲ್ಲ."

"ಏನೂ ಆಗದೇ ಇರೋಕೆ ಬೆಳಗ್ಗಿಂದ ಸಂಜೆವರೆಗೂ ಬೇಕಾ?"

"ಹೂಂ."

ಅಷ್ಟರಲ್ಲಿ ಅವಳ ಕೋಣೆಯ ಬಾಗಿಲು ಮುಚ್ಚಿರುತ್ತಿತ್ತು.

ಶಾಲೆಯವರು ಹೆತ್ತವರಿಗಾಗಿ ಒಂದು ಉಪನ್ಯಾಸ ಇಟ್ಟರು. ಬಂದಿದ್ದ ಆಪ್ತಸಲಹೆಗಾರ್ತಿ, "ಹೌದು, ಇಲ್ಲ ಅಂತ ಮುಗಿಯೋ ಪ್ರಶ್ನೆ ಕೇಳಬೇಡಿ. ಮಕ್ಕಳು ಹೇಳೋದನ್ನ ಕೇಳಿಸಿಕೊಳ್ಳಿ" ಎಂದರು. ಎರಡನೇ ಮಾತು ರೇಡಿಯೊ ಕಿವಿಗೆ ಬೀಳಲೇ ಇಲ್ಲ. ಅಷ್ಟರಲ್ಲಿ ಅವನು ಎದ್ದು ತನ್ನ ಅನುಭವ ಹೇಳತೊಡಗಿದ್ದ. ಮುಖ್ಯೋಪಾಧ್ಯಾಯಿನಿ ಮೈಕು ಆರಿಸಿದರು. ಅವನು ಗಂಟಲೇರಿಸಿ ಮುಂದುವರಿಸಿದ. ಪಕ್ಕದಲ್ಲಿದ್ದ ಹೆಂಡತಿ, ತಾನು ಬೇರೆ ಯಾರದೋ ಹೆಂಡತಿ ಎಂಬಂತೆ ಕಿಟಕಿಯಾಚೆ ನೋಡುತ್ತ ಕೂತಳು.

ಮನೆಯಲ್ಲಿ ಪ್ರಯೋಗ ಶುರುವಾಯಿತು. "ಇವತ್ತು ನಿನ್ನನ್ನ ನಗಿಸಿದ್ದು ಯಾರು? ಬೇಜಾರು ಮಾಡಿದ್ದು ಯಾವುದು?"

"ಅಪ್ಪಾ, ಇದು ಊಟಾನಾ, ವಿಚಾರಣೆನಾ?" ಮಗಳು ತಟ್ಟೆ ಎತ್ತಿಕೊಂಡು ಎದ್ದಳು.

ಮುಚ್ಚಿದ ಬಾಗಿಲಿಗೆ ಪ್ರಶ್ನೆಗಳನ್ನು ಕೂಗಿ ಕೂಗಿ ಕೊನೆಗೆ ಅವನ ಗಂಟಲೇ ಕೂತುಹೋಯಿತು. "ಒಂದು ವಾರ ಪಿಸುಮಾತೂ ಕೂಡದು. ಆಡಿದರೆ ಧ್ವನಿ ಶಾಶ್ವತವಾಗಿ ಕೆಟ್ಟುಹೋಗುತ್ತೆ" ಎಂದರು ಡಾಕ್ಟರು. ಸುದ್ದಿ ತಿಳಿದ ಬೀದಿಯವರು ತುಂಬಾ ನೊಂದುಕೊಂಡರು. ನೊಂದುಕೊಂಡೇ ಅಂಗಡಿ ಮುಂದೆ ಸಾಲುಗಟ್ಟಿದರು. ತಿಂಗಳುಗಟ್ಟಲೆ ಕೂದಲು ಬಿಟ್ಟವರಿಗೂ ಅದೇ ವಾರ ಕ್ಷೌರ ನೆನಪಾಯಿತು.

ಒಂದು ಸಂಜೆ ಅಪ್ಪ ಮಗಳು ಎದುರುಬದುರು ಕೂತು ಅಂಗಡಿಯ ಒಗೆದ ಟವೆಲುಗಳನ್ನು ಮಡಚುತ್ತಿದ್ದರು. ತಾಯಿ ಇನ್ನೂ ಕೆಲಸದಿಂದ ಬಂದಿರಲಿಲ್ಲ.

"ಅಪ್ಪ, ಕ್ಲಾಸಲ್ಲಿ ನನ್ನನ್ನ ಏನಂತ ಕರೀತಾರೆ ಗೊತ್ತಾ? ಬಾಚಣಿಗೆ ಅಂತ."

ಅವನು ಬಾಯಿ ತೆರೆದ. ಬರೀ ಗಾಳಿ ಬಂತು.

"ಚರ್ಚಾಸ್ಪರ್ಧೆಗೆ ಅಂತ ನಾನು ಬಾಚಣಿಗೆನೇ ಮೈಕ್ ಮಾಡ್ಕೊಂಡು ಕನ್ನಡಿ ಮುಂದೆ ಮಾತಾಡ್ತಿದ್ನಲ್ಲ? ನೀನು ಅದನ್ನ ಲೆಕ್ಕದ ಮೇಷ್ಟ್ರಿಗೆ ಹೇಳ್ದೆ. ಅವ್ರು ಕ್ಲಾಸಲ್ಲಿ, 'ಏನಮ್ಮ, ಇವತ್ತು ಬಾಚಣಿಗೆ ತಂದಿಲ್ವಾ?' ಅಂದ್ರು. ಎಲ್ರೂ ನಕ್ರು. ನಾನು ಹೆಸರು ವಾಪಸ್ ತಗೊಂಡೆ."

ಅವನಿಗೆ ನೆನಪಾಯಿತು. ಹೆಮ್ಮೆಯಿಂದಲೇ ಹೇಳಿದ್ದ, ಮೇಷ್ಟರೊಬ್ಬರಿಗೇ ಅಲ್ಲ, ಅವರ ಹಿಂದೆ ಕುರ್ಚಿಗೆ ಬಂದವರಿಗೆಲ್ಲ. ಹಾಗೆಂದು ವಿವರಿಸಲು, ಮೇಷ್ಟರ ಅರ್ಧ ಮೀಸೆ ಬೋಳಿಸುತ್ತೇನೆಂದು ಆಣೆಯಿಡಲು ಗಂಟಲು ತವಕಿಸಿತು. ದನಿಯಿಲ್ಲದ್ದರಿಂದ ಅದೇ ಟವೆಲನ್ನು ಮತ್ತೆ ಮತ್ತೆ ಮಡಚಿದ.

"ನಿನಗೆ ಹೇಳೋದೂ ಒಂದೇ, ಬೀದೀಲಿ ಡಂಗುರ ಸಾರೋದೂ ಒಂದೇ. ಅದಕ್ಕೇ ಏನೂ ಹೇಳಲ್ಲ."

ಅಂದವಳು ಸುಮ್ಮನಾಗಲಿಲ್ಲ. ಎದುರು ಯಾರೂ ಅಡ್ಡ ಬಾಯಿ ಹಾಕದಿದ್ದರಿಂದಲೋ ಏನೋ, ಗೆಳತಿ ಬೇರೆ ಬೆಂಚಿಗೆ ಹೋದದ್ದು, ತಾನು ಒಬ್ಬಳೇ ಕೂತು ಬುತ್ತಿ ತಿನ್ನುವುದು, ಎಲ್ಲ ಹೇಳುತ್ತ ಹೋದಳು. ಅವನ ಕಣ್ಣು ತುಂಬಿ ಬಂತು. ಸರಕ್ಕನೆ ಟವೆಲಿನಲ್ಲಿ ಮುಖ ಒರೆಸಿಕೊಂಡ.

ಧ್ವನಿ ಮರಳಿದ ಮೇಲೆ ಅವನಾಡಿದ ಮೊದಲ ಮಾತು, "ತಪ್ಪಾಯ್ತು ಕಣಮ್ಮ. ಮೇಷ್ಟ್ರ ಹತ್ರ ನಾನು ಮಾತಾಡ್ಲಾ?"

"ಬೇಡಪ್ಪಾ! ನಾನೇ ನೋಡ್ಕೋತೀನಿ."

ಮೇಷ್ಟರು ಕ್ಷೌರಕ್ಕೆ ಬಂದರು. "ಏನಯ್ಯ, ಮಗಳ ಸಮಾಚಾರ?" ರೇಡಿಯೊ ಹಲ್ಲು ಕಚ್ಚಿಕೊಂಡು, "ಅವಳನ್ನೇ ಕೇಳಿ ಸಾರ್" ಎಂದಷ್ಟೇ ಹೇಳಿದ. ಅವನಿಗೆ ಕಾಯಿಲೆ ಇನ್ನೂ ಪೂರ್ತಿ ವಾಸಿಯಾಗಿಲ್ಲ ಎಂದು ಮೇಷ್ಟರು ಮರುಕಪಟ್ಟರು.

ಮಗಳೂ ಸುಲಭಕ್ಕೆ ನಂಬುವವಳಲ್ಲ. ವಿಜ್ಞಾನದ ಟೀಚರು ಶಾಲೆ ಬಿಟ್ಟು ಸಿನಿಮಾ ಸೇರುತ್ತಾರಂತೆ ಎಂದು ಅಪ್ಪನ ಕಿವಿಗೆ ಹಾಕಿ ಕಾದಳು. ಇಂಥ ಸುದ್ದಿಯನ್ನು ಹೊಟ್ಟೆಯಲ್ಲಿಟ್ಟುಕೊಂಡು ಅವನು ಊಟ ಸೇರದೆ ಒದ್ದಾಡಿದ. ಬೀದಿಯಲ್ಲಿ ಅದರ ಸೊಲ್ಲೇ ಏಳಲಿಲ್ಲ. "ಅದು ಸುಳ್ಳು ಅಪ್ಪ, ನಿನ್ನ ಪರೀಕ್ಷೆ ಮಾಡ್ದೆ" ಎಂದು ನಕ್ಕ ಮಗಳು, ವಿಜ್ಞಾನದಲ್ಲಿ ತಾನೇ ಫೇಲಾದ ನಿಜವನ್ನೂ ಅದರ ಹಿಂದೆಯೇ ಹೇಳಿಬಿಟ್ಟಳು. ಅವನು ಬೈಯಲು ಬಾಯಿ ತೆರೆದು, ಮುಚ್ಚಿ, "ಯಾವ ಪಾಠ ಕಷ್ಟ?" ಎಂದ.

ಮುಂದಿನ ಚರ್ಚಾಸ್ಪರ್ಧೆಗೆ ಅವಳು ಹೆಸರು ಕೊಟ್ಟಳು. ಅಪ್ಪ ಬರಕೂಡದು ಎಂದು ಕಟ್ಟಪ್ಪಣೆ. ಸ್ಪರ್ಧೆಯ ದಿನ ಶಾಲೆ ಬಿಟ್ಟವಳೇ ನೇರ ಅಂಗಡಿಗೆ ಬಂದು ಅವನ ಕಿವಿಯಲ್ಲಿ ಹೇಳಿದಳು: "ಬಹುಮಾನ ಬರ್ಲಿಲ್ಲ. ಮಧ್ಯೆ ಮಾತು ಮರ್ತೋಯ್ತು. ಆದ್ರೂ ಇಳೀಲಿಲ್ಲ, ಪೂರ್ತಿ ಮುಗಿಸ್ದೆ."

"ಅಮ್ಮನಿಗೆ ಹೇಳ್ಲಾ?"

"ಅಮ್ಮನಿಗೆ ಮಾತ್ರ."

ಗಿರಾಕಿಯ ಒಂದು ಕೆನ್ನೆಯ ಸೋಪನ್ನು ಹಾಗೇ ಬಿಟ್ಟು, ಹೆಂಡತಿ ಕೆಲಸಕ್ಕಿದ್ದ ಔಷಧದ ಅಂಗಡಿಯತ್ತ ರೇಡಿಯೊ ಒಂದೇ ಉಸಿರಿಗೆ ರಸ್ತೆ ದಾಟಿದ.

"ಏನಮ್ಮ ಸಮಾಚಾರ?" ಎಂದು ಗಿರಾಕಿ ಕೊರಳು ಚಾಚಿದ.

"ಅಪ್ಪ ಈಗ ಬರ್ತಾರೆ," ಮಗಳು ಕುರ್ಚಿಯನ್ನು ಕನ್ನಡಿಯ ಕಡೆ ತಿರುಗಿಸಿದಳು. "ಸೋಪು ಒಣಗೋ ಮುಂಚೆ ಬರ್ತಾರೆ. ಅಲ್ಲಾಡದೆ ಕೂತ್ಕೊಳ್ಳಿ."